ಹುಬ್ಬಳ್ಳಿ–ಶಿರಸಿ ಬಸ್ಸಿನ ಕಂಡಕ್ಟರ್ ಅಣ್ಣನಿಗೆ

ಅಪ್ಪನಿಗೆ ಗಂಟಲ ಕ್ಯಾನ್ಸರ್, ಅದೂ ಮುಂದುವರಿದ ಹಂತ. ಕಿಡ್ನಿ ಸರಿಯಿಲ್ಲದ್ದರಿಂದ ಸಿಸ್‌ಪ್ಲಾಟಿನ್ ಅನ್ನೋ ಕಿಮೋ ಔಷಧಿ ಕೊಡುವ ಹಾಗಿರಲಿಲ್ಲ. ವಾರಕ್ಕೆ ಐದು ದಿನ ರೇಡಿಯೇಷನ್, ಜೊತೆಗೆ ವಾರಕ್ಕೊಮ್ಮೆ ಸೆಟುಕ್ಸಿಮ್ಯಾಬ್ ಡ್ರಿಪ್. ಕ್ಯಾನ್ಸರ್ ಕೋಶ ಬೆಳೆಯಲು ನೆರವಾಗುವ ಇಜಿಎಫ್‌ಆರ್ ಅನ್ನೋ ಪ್ರೋಟೀನನ್ನು ಈ ಔಷಧಿ ತಡೆಯುತ್ತದೆ. ಆ ಪ್ರೋಟೀನು ಚರ್ಮದಲ್ಲೂ ಇರುತ್ತದೆ ಅಲ್ವಾ, ಹಾಗಾಗಿ ಮುಖದ ತುಂಬಾ ಮೊಡವೆಯಂಥ ಗುಳ್ಳೆ ಎದ್ದಿದ್ದವು.

ಆ ಶುಕ್ರವಾರ ಸಂಜೆ ಊರಿಗೆ ಹೊರಟಿದ್ದೆವು. ಅಪ್ಪನ ಮುಖ ನೋಡಿ ಪಕ್ಕದವರು ಎದ್ದು ಹೋದರು. ಅಪ್ಪ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ನನಗೆ ಗಂಟಲು ಕಟ್ಟಿತು.

ನೀವು ಬಂದು ಮೆಲ್ಲಗೆ ವಿಚಾರಿಸಿದಿರಿ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಅಂಟು ರೋಗ ಅಲ್ರೀ, ಔಷಧದ್ದು" ಎಂದಿರಿ. "ಅಜ್ಜಾರ, ಇಲ್ಲಿ ಕುಂದರ್ರಿ" ಎಂದು ಬಿಸಿಲು ಬೀಳದ ಬದಿಯಲ್ಲಿ ಸೀಟು ಮಾಡಿಕೊಟ್ಟಿರಿ. ಬಿಸಿಲಿಗೆ ಆ ಗುಳ್ಳೆ ಜಾಸ್ತಿ ಉರಿಯುತ್ತವೆ. ಮುಂಡಗೋಡದಲ್ಲಿ ಬಸ್ ನಿಂತಾಗ ಹಾಲು ತಂದಿರಿ. ಬಿಸಿಯದು ಗಂಟಲಲ್ಲಿ ಇಳಿಯುವುದಿಲ್ಲ ಅಂದಿದ್ದಕ್ಕೆ ಎರಡು ಲೋಟದಲ್ಲಿ ಎತ್ತಿ ಎತ್ತಿ ಹೊಯ್ದು ಆರಿಸಿದಿರಿ. ಅಪ್ಪ ಗುಟುಕು ಗುಟುಕಾಗಿ ಕುಡಿದು ಮುಗಿಸುವವರೆಗೆ ಸೀಟಿ ಊದಲಿಲ್ಲ. ದುಡ್ಡೂ ತೆಗೆದುಕೊಳ್ಳಲಿಲ್ಲ. ಅಪ್ಪ ಟವೆಲ್ ಮಡಚಿ ತೊಡೆಯ ಮೇಲಿಟ್ಟುಕೊಂಡರು. ನನ್ನ ಜೀವಕ್ಕೆ ಎಷ್ಟು ಹಗುರಾಯಿತೋ!

ಚಿಕಿತ್ಸೆ ಮುಗಿದಿದೆ. ಈಗ ಮೆತ್ತಗಿನ ಅನ್ನ ಇಳಿಯುತ್ತಿದೆ. ತುಂಬಾ ಥ್ಯಾಂಕ್ಸ್ ಅಣ್ಣಾ.