ಮೇಣದ ಹೆಬ್ಬೆರಳು

ಪ್ರಿಯ ಶ್ರೀಧರ,

ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನ ಕಡಲ ದಂಡೆಯ ಮೇಣದ ಬೊಂಬೆಮನೆಯಲ್ಲಿ ಬೊಂಬೆಯೊಂದರ ಪಕ್ಕ ನಿಂತು ನೀನು ಕಳುಹಿಸಿದ ಫೋಟೊ ಬಂದಾಗ ನಮ್ಮ ಸಾಗರ ಪೇಟೆಯ ಈಚೆಗೆ ಮೂರು ದಿನದಿಂದ ಕರೆಂಟಿರಲಿಲ್ಲ. ಪೇಟೆಗೆ ಹೋದಾಗ ಮೊಬೈಲ್ ಚಾರ್ಜ್ ಮಾಡಿಕೊಂಡು ನೋಡಿದೆ. ಮನೆಗೆ ಬಂದು ಅಮ್ಮನಿಗೂ ತೋರಿಸಿದೆ. ‘ಇಬ್ಬರಲ್ಲಿ ಮೇಣದವನು ಯಾರೋ?’ ಎಂದಳು. ನೀನೇ ಎಂದೆ. ಫೋಟೊಕ್ಕೆ ನಿಂತಾಗಿನ ನಿನ್ನ ನಗು ಶಾಲೆಯ ಕಾಲದಿಂದಲೂ ಹಾಗೆಯೇ ಅಲ್ಲವೇ?

‘ಅದು ನಿಮ್ಮ ಜೇನಿನ ಮೇಣವೇನೋ?’ ಎಂದು ನೀನು ತಮಾಷೆಗೆ ಕೇಳಿದ್ದೆ. ತಮಾಷೆಯಲ್ಲ ಮಾರಾಯ, ಬಹುಪಾಲು ಜೇನುಮೇಣವೇ. ಅದಕ್ಕೆ ಬೇರೆ ಮೇಣ ಬೆರೆಸುತ್ತಾರೆ. ಈ ವಿದ್ಯೆಗೆ ಹೆಸರು ತಂದ ಮೇರಿ ಟುಸ್ಸಾ ಹುಟ್ಟಿದ್ದು 1761ರಲ್ಲಿ, ಸ್ಟ್ರಾಸ್‌ಬರ್ಗ್‌ನಲ್ಲಿ. ಫ್ರಾನ್ಸಿನ ಕ್ರಾಂತಿಯ ದಿನಗಳಲ್ಲಿ ಕಡಿದುಬಿದ್ದ ತಲೆಗಳಿಂದ ಅಚ್ಚು ತೆಗೆದವಳಂತೆ. 1802ರಲ್ಲಿ ಬೊಂಬೆಗಳನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಬಂದು, ಮೂವತ್ತು ವರ್ಷ ನಮ್ಮ ಮೇಳದವರ ಹಾಗೆ ಊರೂರು ತಿರುಗಿದಳು.

ಇದನ್ನೆಲ್ಲ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ತುಡುವೆ ಜೇನಿನ ಪೆಟ್ಟಿಗೆಯ ಹಳೆಯ ಎರಿಗಳನ್ನು ಕರಗಿಸಿ ಸೋಸಿಟ್ಟ ಮೇಣ ಮನೆಯಲ್ಲಿತ್ತು. ಗಣಪತಿ ಮಾಡುವವರ ಮನೆಯಿಂದ ಒಂದು ಮುಷ್ಟಿ ಹದವಾದ ಜೇಡಿಮಣ್ಣು ತಂದು, ಹೆಬ್ಬೆರಳನ್ನು ಬುಡದವರೆಗೆ ಒತ್ತಿ, ಅಲುಗಾಡಿಸದೆ ಎಳೆದೆ. ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಮೇಣ ಕರಗಿಸಿದೆ. ಅರವತ್ತಮೂರು ಡಿಗ್ರಿಯ ಆಸುಪಾಸಿನಲ್ಲಿ ಅದು ಕರಗುತ್ತದೆ; ಅಡುಗೆಮನೆಯೆಲ್ಲ ಜೇನಿನ ಘಮ. ಮಣ್ಣಿನ ಗುಳಿಯೊಳಗೆ ಹೊಯ್ದು, ಆರಿದ ಮೇಲೆ ಮಣ್ಣು ಬಿಡಿಸಿದರೆ ಉಗುರಿನ ಅಂಚು, ಬೆರಳಿನ ಗೆರೆ, ಕಳೆದ ವರ್ಷ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ತಾಗಿದ ಗಾಯದ ಗುರುತು, ಎಲ್ಲವೂ ಬಂದಿತ್ತು. ಆದರೆ ಬೆರಳು ನನ್ನದಕ್ಕಿಂತ ತುಸು ಸಣ್ಣದು, ಬುಡದಲ್ಲಿ ನಡು ಕುಸಿದು ಹಳ್ಳ ಬಿದ್ದಿತ್ತು.

ಆಗ ಗೊತ್ತಾಯಿತು, ಮೇಣದ ಬೊಂಬೆ ಮಾಡುವವರು ಮೊದಲು ಮಣ್ಣಿನ ತಲೆಯನ್ನು ಅಸಲಿಗಿಂತ ನೂರಕ್ಕೆ ಎರಡರಷ್ಟು ದೊಡ್ಡದಾಗಿ ಏಕೆ ಮಾಡುತ್ತಾರೆಂದು. ಮೇಣ ಆರುವಾಗ ಕುಗ್ಗುತ್ತದೆ. ಮಣ್ಣಿನ ತಲೆಯ ಮೇಲೆ ಪ್ಲಾಸ್ಟರ್ ಅಚ್ಚು ತೆಗೆದು, ಅದಕ್ಕೆ ಮೇಣ ಹೊಯ್ದು, ಅಂಚು ಗಟ್ಟಿಯಾದ ಕೂಡಲೇ ನಡುವಿನ ದ್ರವವನ್ನು ಹೊರಗೆ ಬಗ್ಗಿಸುತ್ತಾರೆ. ಹೀಗೆ ಒಳಗೆ ಟೊಳ್ಳು. ಕಣ್ಣಿನ ಗುಡ್ಡೆ ಕೂರಿಸುವುದು ಒಳಗಿನಿಂದ. ಅದರ ಬಿಳಿಯಲ್ಲಿ ಕಾಣುವ ಕೆಂಪು ನರಗಳು ರೇಷ್ಮೆ ಎಳೆಗಳು. ಮೈ ಮಾತ್ರ ಮೇಣವಲ್ಲ, ಫೈಬರ್ ಗಾಜು. ಬಟ್ಟೆಯೊಳಗೆ ಯಾರು ನೋಡುತ್ತಾರೆ?

ನನ್ನನ್ನು ಕಟ್ಟಿಹಾಕಿದ್ದು ಕೂದಲು. ಸೂಜಿಯಿಂದ ಒಂದೊಂದೇ ಕೂದಲನ್ನು ಮೇಣದೊಳಗೆ ಚುಚ್ಚುತ್ತಾರೆ. ಒಂದು ತಲೆಗೆ ಐದು ವಾರ! ನಮ್ಮ ಗುಡಿಗಾರರು ಗಂಧದ ಪೆಟ್ಟಿಗೆಯ ಮೇಲೆ ಎಲೆಬಳ್ಳಿ ಕೆತ್ತುವಾಗ ಉಸಿರು ಹಿಡಿದು ಕೂತಿರುತ್ತಾರಲ್ಲ, ಅಂಥ ಕೂರುವಿಕೆ. ಆದರೆ ಗುಡಿಗಾರರಿಗೆ ಒಂದು ನೆಮ್ಮದಿಯಿದೆ. ಅವರ ಗಣಪತಿಯನ್ನು ನೋಡಿ ‘ಇವನು ಗಣಪತಿಯ ಹಾಗಿಲ್ಲ’ ಎಂದು ಯಾರೂ ಅನ್ನುವುದಿಲ್ಲ. ಮೇಣದವರಿಗೆ ಆ ರಿಯಾಯಿತಿಯಿಲ್ಲ. ಇಂಗ್ಲೆಂಡಿನ ಗ್ರೇಟ್ ಯಾರ್ಮತ್‌ನ ಕಡಲತೀರದಲ್ಲಿ ಇಂಥದೇ ಒಂದು ಬೊಂಬೆಮನೆ 2012ರವರೆಗೂ ಇತ್ತು. ಬೊಂಬೆಗಳು ಯಾರನ್ನೂ ಹೋಲುವುದಿಲ್ಲ ಎಂಬುದಕ್ಕೇ ಅದು ಹೆಸರಾಯಿತು. ನಾನಾದರೆ ಟಿಕೆಟ್ ತೆಗೆದು ಮೊದಲು ಅಲ್ಲಿಗೇ ಹೋಗುತ್ತಿದ್ದೆ.

ಮೇರಿ ಟುಸ್ಸಾಳ ಹೆಸರಿನ ಲಂಡನ್ನಿನ ಬೊಂಬೆಮನೆಗೆ 1925ರಲ್ಲಿ ಬೆಂಕಿ ಬಿದ್ದು ರಾಜರೂ ಕೊಲೆಗಡುಕರೂ ಒಟ್ಟಿಗೆ ಕರಗಿದರು. ಅಚ್ಚುಗಳು ಉಳಿದಿದ್ದರಿಂದ ಮತ್ತೆ ಹೊಯ್ದರು.

ನನ್ನದು ಮಣ್ಣಿನ ಅಚ್ಚು, ಬಿಡಿಸುವಾಗಲೇ ಪುಡಿಯಾಗಿತ್ತು. ಬೆರಳನ್ನು ನಿನಗೆ ಪಾರ್ಸೆಲ್ ಮಾಡೋಣವೆಂದು ದೇವರ ಗೂಡಿನ ಪಕ್ಕ ಇಟ್ಟಿದ್ದೆ. ಸಂಜೆ ದೀಪ ಹಚ್ಚಲು ಹೋದ ಅಮ್ಮ ಕಿರುಚಿದ್ದು ಕೊಟ್ಟಿಗೆಯವರೆಗೂ ಕೇಳಿಸಿತು. ಬೆಳಿಗ್ಗೆ ನೋಡಿದರೆ ಬೆರಳಿಲ್ಲ. ಒಲೆಯ ದಂಡೆಯ ಮೇಲಿನ ಬಟ್ಟಲಿನಲ್ಲಿ, ಕೊಬ್ಬರಿ ಎಣ್ಣೆಯ ಜೊತೆ ಕರಗಿ, ಹಿಮ್ಮಡಿಯ ಒಡಕಿಗೆ ಹಚ್ಚುವ ಮುಲಾಮಾಗಿತ್ತು. ನಿನಗೂ ಒಂದು ಡಬ್ಬಿ ಕಳುಹಿಸಬೇಕಂತೆ. ಅಲ್ಲಿಯ ಚಳಿಗೆ ಒಳ್ಳೆಯದಂತೆ. ವಿಳಾಸ ಬರೆ.

ನಿನ್ನ,
ಬೆರಳು ಕಳೆದುಕೊಂಡವನು