ಹೊರದೇಶದ ಲಾಟರಿ ಟಿಕೆಟ್ ಕೊಳ್ಳುವ ಮುಂಚೆ

ಪ್ರೀತಿಯ ಸುಮಂತನಿಗೆ ಮಾವನ ಆಶೀರ್ವಾದಗಳು.

ಅಮೆರಿಕದ ಪವರ್‌ಬಾಲ್ ಟಿಕೆಟ್ ಆ್ಯಪ್‌ನಲ್ಲೇ ಸಿಗುತ್ತದಂತೆ, ತಗೊಳ್ಳಲಾ ಅಂತ ಕೇಳಿದ್ದೀಯ. ಬೇಡ ಕಣೋ. ಲಾಟರಿ ಆಡುವವರನ್ನೆಲ್ಲ ಬೈಯುವವನು ನಾನಲ್ಲ. ಆದರೆ ಟಿಕೆಟ್ ಮಾರುವವರು ಯಾರು, ತಕರಾರು ಬಂದರೆ ಯಾರನ್ನು ಕೇಳಬೇಕು ಅನ್ನೋದು ಗೊತ್ತಿಲ್ಲದೆ ದುಡ್ಡು ಬಿಚ್ಚಬಾರದು.

ಅಮೆರಿಕದಲ್ಲಿ ಇಡೀ ದೇಶಕ್ಕೆ ಅಂತ ಸರ್ಕಾರಿ ಲಾಟರಿ ಇಲ್ಲ. 1964ರಲ್ಲಿ ನ್ಯೂ ಹ್ಯಾಂಪ್‌ಶೈರ್ ಶುರು ಮಾಡಿತು, ಆಮೇಲೆ ಒಂದೊಂದೇ ರಾಜ್ಯ ಅದೇ ದಾರಿ ಹಿಡಿಯಿತು. ಪವರ್‌ಬಾಲ್ ಅನ್ನೋದು ರಾಜ್ಯಗಳು ಸೇರಿ ನಡೆಸುವ ಆಟ. ದೊಡ್ಡ ಬಹುಮಾನ ಬರೋದು ಸುಮಾರು 29 ಕೋಟಿಯಲ್ಲಿ ಒಬ್ಬರಿಗೆ. 2022ರ ನವೆಂಬರಿನಲ್ಲಿ ಒಂದೇ ಟಿಕೆಟ್‌ಗೆ 204 ಕೋಟಿ ಡಾಲರ್ ಅಂತ ದೊಡ್ಡ ಸುದ್ದಿಯಾಯಿತು. ಅದು 30 ಕಂತಿನಲ್ಲಿ ತಗೊಂಡರೆ ಮಾತ್ರ. ಒಟ್ಟಿಗೇ ಕೊಡಿ ಅಂದರೆ 100 ಕೋಟಿಗೂ ಸ್ವಲ್ಪ ಕಡಿಮೆ, ಅದರಲ್ಲೂ ತೆರಿಗೆ ಹೋಗಬೇಕು. ಬ್ರಿಟನ್ನಿನಲ್ಲಿ ಗೆದ್ದ ದುಡ್ಡಿಗೆ ತೆರಿಗೆ ಇಲ್ಲ. ಅಲ್ಲಿ ಆಟ ನಡೆಸುವುದು ಲೈಸೆನ್ಸ್ ಪಡೆದ ಖಾಸಗಿ ಕಂಪನಿ, ಅದರ ಮೇಲೆ ಕಣ್ಣಿಡಲು ಗ್ಯಾಂಬ್ಲಿಂಗ್ ಕಮಿಷನ್ ಇದೆ.

ನನಗೆ ಹಿಡಿಸೋದು ಸ್ಪೇನ್‌ನ ಪದ್ಧತಿ. 1812ರಿಂದ ನಡೆದು ಬಂದಿದೆ. ಪ್ರತಿ ಡಿಸೆಂಬರ್ 22ಕ್ಕೆ ಶಾಲೆಯ ಮಕ್ಕಳು ಒಂದೊಂದೇ ಗೋಲಿ ಎತ್ತಿ, ನಂಬರನ್ನೂ ಬಹುಮಾನವನ್ನೂ ಎಲ್ಲರೆದುರು ರಾಗವಾಗಿ ಹಾಡುತ್ತಾರೆ. ಆ ಡ್ರಾದಲ್ಲಿ ಬಹುಮಾನಕ್ಕೇ 70 ಪರ್ಸೆಂಟ್ ತೆಗೆದಿಡುತ್ತಾರೆ. ಲಾಟರಿಗಳಲ್ಲಿ ಇದು ಜಾಸ್ತಿನೇ.

ನಿಯಮ ಯಾಕೆ ಬೇಕು ಅಂತೀಯಾ? ಎಡ್ಡಿ ಟಿಪ್ಟನ್ ಕಥೆ ಕೇಳು. ಅಮೆರಿಕದ ರಾಜ್ಯಗಳ ಲಾಟರಿ ಒಕ್ಕೂಟದಲ್ಲಿ ಕಂಪ್ಯೂಟರ್ ಭದ್ರತೆ ನೋಡಿಕೊಳ್ಳುತ್ತಿದ್ದವನೇ ಅವನು. ನಂಬರ್ ಆರಿಸುವ ಪ್ರೋಗ್ರಾಮಿಗೆ ಗುಟ್ಟಾಗಿ ಕೋಡ್ ಸೇರಿಸಿದ. ವರ್ಷದ ಕೆಲವು ಗೊತ್ತಾದ ದಿನ ಯಾವ ನಂಬರುಗಳು ಬರಬಹುದು ಅಂತ ಅವನಿಗೆ ಮೊದಲೇ ಅಂದಾಜು ಸಿಗುತ್ತಿತ್ತು. 2010ರ ಡಿಸೆಂಬರಿನಲ್ಲಿ ಅಯೋವಾ ರಾಜ್ಯದ ಒಂದು ಅಂಗಡಿಯಲ್ಲಿ ತಾನೇ ಹೋಗಿ ಟಿಕೆಟ್ ಕೊಂಡ, 1.65 ಕೋಟಿ ಡಾಲರ್ ಹೊಡೆಯಿತು. ಒಕ್ಕೂಟದ ನೌಕರರು ಆಡುವಂತಿಲ್ಲವಲ್ಲ, ಹಾಗಾಗಿ ಮುಂದೆ ಬರುವ ಹಾಗಿಲ್ಲ. ವರ್ಷದ ಗಡುವು ಮುಗಿಯಲು ಎರಡು ಗಂಟೆಯೂ ಉಳಿದಿಲ್ಲ ಅನ್ನುವಾಗ ವಕೀಲರ ಮೂಲಕ ಬೇರೊಂದು ಟ್ರಸ್ಟಿನ ಹೆಸರಲ್ಲಿ ಹಕ್ಕು ಕೇಳಿದರು. ಟಿಕೆಟ್ ಕೊಂಡವರು ಯಾರು ಅಂತ ಹೇಳದೆ ದುಡ್ಡಿಲ್ಲ ಅಂತ ಅಯೋವಾ ಪಟ್ಟು ಹಿಡಿಯಿತು. ಹಕ್ಕನ್ನೇ ವಾಪಸ್ ತಗೊಂಡರು. ಕಡೆಗೆ ಅಂಗಡಿಯ ವಿಡಿಯೋದಲ್ಲಿದ್ದ ದನಿಯನ್ನು ಗುರುತಿನವರು ಪತ್ತೆ ಹಚ್ಚಿದರು. 2017ರಲ್ಲಿ ಅವನಿಗೆ 25 ವರ್ಷದವರೆಗಿನ ಜೈಲು ಶಿಕ್ಷೆ ಆಯಿತು. ಲಾಟರಿಯ ಒಳಗೇ ಕಳ್ಳ ಇದ್ದರೂ ಸಿಕ್ಕಿಬೀಳುವಂತೆ ಮಾಡಿದ್ದು, ಕೊಂಡವರು ಯಾರು ಅಂತ ಹೇಳಲೇಬೇಕು ಅನ್ನುವ ಆ ಒಂದು ನಿಯಮ.

ನಿನ್ನ ಆ್ಯಪ್‌ಗೆ ಇಂಥ ಯಾವ ಕಾವಲು ಇದೆ ಹೇಳು? ಎಷ್ಟೋ ಕಡೆ ಇಂಥವರು ನಿಜವಾದ ಟಿಕೆಟ್ಟನ್ನೇ ಕೊಳ್ಳುವುದಿಲ್ಲ, ಡ್ರಾ ಫಲಿತಾಂಶದ ಮೇಲೆ ಬಾಜಿ ಕಟ್ಟಿಸಿಕೊಳ್ಳುತ್ತಾರೆ ಅಷ್ಟೇ. ಜೊತೆಗೆ ಭಾರತದ ಕಾನೂನೂ ಅಡ್ಡ ಬರುತ್ತದೆ. 1998ರ ಲಾಟರಿ ಕಾಯ್ದೆ ಪ್ರಕಾರ ಲಾಟರಿ ನಡೆಸುವ ಅಧಿಕಾರ ರಾಜ್ಯ ಸರ್ಕಾರಗಳದ್ದು, ಹೊರಗಿನ ರಾಜ್ಯದ ಟಿಕೆಟ್ ಮಾರಾಟವನ್ನೂ ಒಂದು ರಾಜ್ಯ ತಡೆಯಬಹುದು. ಲಾಟರಿ ಟಿಕೆಟ್ ಕೊಳ್ಳಲು ಹೊರದೇಶಕ್ಕೆ ದುಡ್ಡು ಕಳಿಸುವುದಕ್ಕೆ ವಿದೇಶಿ ವಿನಿಮಯ ನಿಯಮಗಳಲ್ಲೇ ನಿಷೇಧ ಇದೆ. ಅಂದಮೇಲೆ ಗೆದ್ದರೂ ಯಾರ ಹತ್ತಿರ ಹೋಗಿ ಕೇಳ್ತೀಯ?

ಕಾರ್ಡ್ ನಂಬರ್ ಆಗಲೇ ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ಫೋನ್ ಮಾಡಿ ಬ್ಲಾಕ್ ಮಾಡಿಸು. ಬಹುಮಾನ ಬಂದಿದೆ, ಮೊದಲು ತೆರಿಗೆ ಕಟ್ಟಿ ಅಂತ ಯಾರಾದರೂ ಕರೆದರೆ ಮಾತಾಡೋಕೇ ಹೋಗಬೇಡ. ಅಕ್ಕನಿಗೆ ಕೇಳಿದೆ ಅಂತ ಹೇಳು.

ಇಂತಿ,
ನಿನ್ನ ಮಾವ