ಹಳೇ ಕಾರು: ಪೇಂಟಿಗಿಂತ ಮೊದ್ಲು ಬ್ರೇಕ್ ನೋಡಿ

ಸಂಪಾದಕರೇ,
ಹಳೇ ಕಾಲದ ಕಾರನ್ನ ಮನೇಲೇ ಬಿಚ್ಚಿ ರೆಡಿ ಮಾಡ್ತಿರೋ ಹುಡುಗ ಹುಡುಗೀರನ್ನ ನೋಡಿದ್ರೆ ನಂಗೆ ನಿಜವಾಗ್ಲೂ ಖುಷಿ ಆಗತ್ತೆ, ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬ್ಯುರೇಟರ್ ಬಿಚ್ಚಿ, ಅದರೊಳಗಿನ ಸಣ್ಣ ತೂತಿನ ಜೆಟ್ ಕ್ಲೀನ್ ಮಾಡಿ ವಾಪಸ್ ಕೂರಿಸೋದು ಸಣ್ಣ ಮಾತಲ್ಲ. ಆದ್ರೆ ಸುಮಾರು ಜನ ಮೊದ್ಲು ಪೇಂಟಿಗೆ ಕೈ ಹಾಕ್ತಾರೆ, ಅದು ತಪ್ಪು. ಬ್ರೇಕ್ ಫ್ಲೂಯಿಡ್ ಗಾಳಿಯಲ್ಲಿರೋ ತೇವ ಎಳ್ಕೊಳತ್ತೆ, ವರ್ಷಗಟ್ಲೆ ನಿಂತ ಕಾರಲ್ಲಿ ಪೈಪು ಒಳಗಿಂದ್ಲೇ ತುಕ್ಕು ಹಿಡಿದಿರಬಹುದು, ಹೊರಗಿಂದ ನೋಡಿದ್ರೆ ಗೊತ್ತೇ ಆಗಲ್ಲ. ಹಳೇ ಬ್ರೇಕ್ ಲೈನಿಂಗಲ್ಲಿ (ಉಜ್ಜಿ ಚಕ್ರ ನಿಲ್ಲಿಸೋ ಪದರ) ಶ್ವಾಸಕೋಶಕ್ಕೆ ಅಪಾಯ ಮಾಡೋ ಆಸ್ಬೆಸ್ಟಾಸ್ ನಾರು ಇರಬಹುದು, ಆ ಧೂಳಿಗೆ ಏರ್ ಹೊಡೀಲೇಬೇಡಿ, ಒದ್ದೆ ಮಾಡಿ ಒರೆಸಿ. ಪೆಟ್ರೋಲ್ ಪೈಪುಗಳನ್ನಂತೂ ಬದಲಾಯಿಸ್ಲೇಬೇಕು, ಎಥನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ತಡೆಯಲ್ಲ, ಬಿರುಕು ಬಿಟ್ಟು ಬಿಸಿ ಇಂಜಿನ್ ಮೇಲೆ ಸೋರಿದ್ರೆ ಬೆಂಕಿನೇ. ಇನ್ನೊಂದು, ಬರೀ ಜ್ಯಾಕ್ ನಂಬ್ಕೊಂಡು ಕಾರಿನ ಕೆಳಗೆ ಹೋಗ್ಬೇಡ್ರಪ್ಪಾ, ಸ್ಟ್ಯಾಂಡ್ ಕೊಡಿ.
– ಒಬ್ಬ ಓದುಗ